ಅಪ್ಪನ ಪೆಟ್ಟಿಗೆಯಲ್ಲಿ ಯಾವುದು ಉಳಿಯಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ತಂದೆ ಬಡಿಗತನ ಮಾಡುತ್ತಿದ್ದರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಇಷ್ಟು ದಿನ ಬೆಂಗಳೂರಿನಲ್ಲಿ ಅಡುಗೆಮನೆಯ ಕಪಾಟು ಕೂರಿಸುವ ಕೆಲಸದಲ್ಲಿದ್ದ ನಾನು ಈಗ ಊರಿಗೆ ಮರಳಿ ಬಾಗಿಲು, ಕಿಟಕಿ, ಮಂಚದ ಕೆಲಸ ಹಿಡಿಯಬೇಕೆಂದಿದ್ದೇನೆ. ತಂದೆಯ ಪೆಟ್ಟಿಗೆಯಲ್ಲಿ ಐದು ಉಳಿ, ಮರ ಕೆತ್ತುವ ಒಂದು ಬಾಚಿ, ಹಲಗೆ ನಯ ಮಾಡುವ ಹತ್ತರಿಗಳಲ್ಲಿ ಮರದವು ಎರಡು, ಕಬ್ಬಿಣದ್ದು ಒಂದು, ಮೂರು ಗರಗಸ, ಲೋಹ ಉಜ್ಜುವ ಕೆಲವು ಅರ, ಸುತ್ತಿಗೆ, ಮೂಲೆ ನೇರ ನೋಡುವ ಗುಣಿಯಾ ಇವೆ. ಹೊರಗೆ ಒಂದು ಸಾಣೆ ಯಂತ್ರ, ಒಂದು ಡ್ರಿಲ್ ಯಂತ್ರ ಇವೆ. ಎಲ್ಲಕ್ಕೂ ತುಕ್ಕು ಹಿಡಿದಿದೆ. ಒಂದು ಉಳಿಯಂತೂ ಸವೆದು ಎರಡು ಬೆರಳಿನಷ್ಟೇ ಉದ್ದ ಉಳಿದಿದೆ. ಎಲ್ಲವನ್ನೂ ಗುಜರಿಗೆ ಹಾಕಿ ಹೊಸ ಸೆಟ್ ಕೊಳ್ಳಲು ಸೋದರಮಾವ ಹೇಳುತ್ತಾರೆ. ತಾಯಿ ಒಂದನ್ನೂ ಮುಟ್ಟಗೊಡುವುದಿಲ್ಲ; ವರ್ಷಕ್ಕೊಮ್ಮೆ ಖಂಡೇಪೂಜೆಯ ದಿನ ಹೊರತೆಗೆದು, ಪೂಜೆ ಮಾಡಿ, ಮತ್ತೆ ಮುಚ್ಚಿಡುತ್ತಾರೆ. ನಾನು ಏನು ಮಾಡಲಿ?

ಉತ್ತರ: ಮಾವನವರ ಮಾತನ್ನೂ ತಾಯಿಯವರ ಮಾತನ್ನೂ ಒಂದು ವಾರ ಹಾಗೇ ಇಡಿ. ಇಬ್ಬರ ಕಣ್ಣಿಗೂ ಬಿದ್ದಿರುವುದು ಮೇಲಿನ ತುಕ್ಕು. ಉಪಕರಣವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ತುಕ್ಕು ಹೇಳುವುದಿಲ್ಲ, ವಯಸ್ಸೂ ಹೇಳುವುದಿಲ್ಲ. ಒಳಗಿನ ಉಕ್ಕು ಹೇಳುತ್ತದೆ. ಅದು ಬಾಯಿ ಬಿಡಬೇಕಾದರೆ ಒಮ್ಮೆ ಮಸೆಯಲೇಬೇಕು. ಗಂಗಾವತಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮರದ ಕೆಲಸ ಮಾಡಿದ್ದೇನೆ, ಹುಡುಗರಿಗೆ ಕಲಿಸಿದ್ದೇನೆ. ಹಳೆಯದಾಯಿತೆಂದು ಜನ ಬಿಸಾಡುವ ಉಳಿಗಳನ್ನು ಗುಜರಿ ಅಂಗಡಿಯಿಂದ ತಂದು ಮಸೆದು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಂದಿದ್ದ ರೋಗ ಮೊಂಡುತನ ಒಂದೇ. ಆದ್ದರಿಂದ ನನ್ನ ಮೊದಲ ಮಾತು: ಮಸೆಯುವ ಮೊದಲು ಯಾವುದರ ಮೇಲೂ ತೀರ್ಪು ಕೊಡಬೇಡಿ.

ಐದು ಉಳಿಗಳಲ್ಲಿ ಮುಕ್ಕಾಲು ಇಂಚು ಅಗಲದ್ದೊಂದು ಇದ್ದೇ ಇರುತ್ತದೆ. ಅದೊಂದನ್ನೇ ಆರಿಸಿಕೊಳ್ಳಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಟ್ರಿಕ್ ಆಮ್ಲದ ಹರಳು ಕೊಡುತ್ತಾರೆ. ಒಂದು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಕರಗಿಸಿ, ಹಿಡಿಕೆ ಮುಳುಗದಂತೆ ಉಕ್ಕಿನ ಭಾಗವನ್ನು ಮಾತ್ರ ಅದರಲ್ಲಿ ನಿಲ್ಲಿಸಿ. ಎರಡು ಗಂಟೆಗೊಮ್ಮೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ನೋಡುತ್ತಿರಿ. ರಾತ್ರಿಯಿಡೀ ಬಿಟ್ಟು ಮರೆತರೆ ಆಮ್ಲವು ತುಕ್ಕನ್ನು ತಿಂದು ಮುಗಿಸಿ ಉಕ್ಕನ್ನೂ ತಿನ್ನತೊಡಗುತ್ತದೆ. ಹೊರತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಒರೆಸಿ, ಬಿಸಿಲಿಗೆ ಹಿಡಿದು ಒಣಗಿಸಿ, ಕೂಡಲೇ ಎಣ್ಣೆ ಸವರಿ. ಎಣ್ಣೆ ಸವರಲು ಅರ್ಧ ಗಂಟೆ ತಡವಾದರೂ ಹೊಸ ತುಕ್ಕು ಕೆಂಪಗೆ ಮೂಡುತ್ತದೆ.

ಈಗ ಉಳಿಯ ಬೆನ್ನನ್ನು ನೋಡಿ. ಬೆನ್ನು ಎಂದರೆ ಇಳಿಜಾರಿಲ್ಲದ ಚಪ್ಪಟೆ ಮುಖ. ತುಕ್ಕು ಅಲ್ಲಿ ಸಣ್ಣ ಸಣ್ಣ ಗುಂಡಿ ತೋಡಿದೆಯೇ? ತೋಡಿದ್ದರೆ ಅವು ಬಾಯಿಯಿಂದ, ಅಂದರೆ ಕತ್ತರಿಸುವ ಅಂಚಿನಿಂದ, ಎಷ್ಟು ದೂರದಲ್ಲಿವೆ? ಇಳಿಜಾರಿನ ಕಡೆ ಎಷ್ಟೇ ಗುಂಡಿಗಳಿದ್ದರೂ ನನಗೆ ಚಿಂತೆಯಿಲ್ಲ, ಮಸೆಯುವಾಗ ಅವು ತಾವಾಗಿಯೇ ಹೋಗುತ್ತವೆ. ಬೆನ್ನಿನ ಮೇಲಿನ ಗುಂಡಿ ಹಾಗಲ್ಲ. ಬಾಯಿ ಸವೆಯುತ್ತ ಹಿಂದೆ ಸರಿದು ಆ ಗುಂಡಿಯನ್ನು ಮುಟ್ಟಿದ ದಿನ ಅಲ್ಲೊಂದು ಕಚ್ಚು ಬೀಳುತ್ತದೆ. ಮರದ ಮೇಲೆ ಪ್ರತಿ ಸಲವೂ ಗೆರೆ ಮೂಡುತ್ತದೆ. ಬಾಯಿಯ ಪಕ್ಕದ ಅರ್ಧ ಇಂಚಿನಲ್ಲಿ ಆಳವಾದ ಗುಂಡಿಗಳಿದ್ದರೆ ಆ ಉಳಿಯನ್ನು ನಯವಾದ ಕೆಲಸಕ್ಕೆ ಬಳಸಬೇಡಿ. ಕೂಡು ತೋಡುವ, ಅಂದರೆ ಮರಕ್ಕೆ ಮರ ಸೇರಿಸಲು ಕುಳಿ ಕೊರೆಯುವ, ಒರಟು ಕೆಲಸಕ್ಕೆ ಇಟ್ಟುಕೊಳ್ಳಿ.

ಬೆನ್ನನ್ನು ಸಮ ಮಾಡಲು ದುಬಾರಿ ಕಲ್ಲು ಬೇಕಿಲ್ಲ. ನಿಮ್ಮ ಕುಷ್ಟಗಿ, ಇಳಕಲ್ ಸೀಮೆಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವವರ ಅಂಗಳದಲ್ಲಿ ಒಡೆದ ತುಂಡುಗಳು ರಾಶಿ ಬಿದ್ದಿರುತ್ತವೆ. ಪಾಲಿಶ್ ಆದ ಅಂಗೈ ಅಗಲದ, ಒಂದಡಿ ಉದ್ದದ ತುಂಡೊಂದನ್ನು ಕೇಳಿ ತನ್ನಿ. ಅಷ್ಟು ಸಮತಟ್ಟಾದ ಮಣೆ ನಿಮಗೆ ಬೇರೆಲ್ಲೂ ಅಗ್ಗಕ್ಕೆ ಸಿಗುವುದಿಲ್ಲ. ಅದರ ಮೇಲೆ ನೀರು ಚಿಮುಕಿಸಿ 220ನೇ ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ ಬೆನ್ನನ್ನು ಉಜ್ಜಿ. ನಂತರ 400, ಆಮೇಲೆ 1000, ಕೊನೆಗೆ 2000. ಪೂರ್ತಿ ಬೆನ್ನು ಹೊಳೆಯಬೇಕಿಲ್ಲ. ಬಾಯಿಯಿಂದ ಒಂದು ಇಂಚು ಕನ್ನಡಿಯಂತಾದರೆ ಸಾಕು. ಒಂದು ಉಳಿಗೆ ಇದನ್ನು ಜೀವಮಾನದಲ್ಲಿ ಒಮ್ಮೆ ಮಾಡಿದರೆ ಮುಗಿಯಿತು.

ಆಮೇಲೆ ಇಳಿಜಾರು. ಸಾಮಾನ್ಯ ಕೆಲಸದ ಉಳಿಗೆ 25 ಡಿಗ್ರಿ ಸಾಣೆ ಹಿಡಿದು, ತುದಿಯಲ್ಲಿ ಮಾತ್ರ 30 ಡಿಗ್ರಿಗೆ ಮಸೆಯುವುದು ರೂಢಿ. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಉಳಿಯ ದಪ್ಪವನ್ನು ಅಳೆಯಿರಿ. ಇಳಿಜಾರಿನ ಉದ್ದವು ದಪ್ಪದ ಸರಿಯಾಗಿ ಎರಡು ಪಟ್ಟಿದ್ದರೆ ಅದು 30 ಡಿಗ್ರಿ. ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚಿದ್ದರೆ 25. ಮಸೆಯುತ್ತ ಹೋದಂತೆ ಬೆನ್ನಿನ ಕಡೆಗೆ ತಂತಿಯಂಥ ತೆಳು ಮಡಿಕೆಯೊಂದು ಬೆರಳಿಗೆ ತಾಗುತ್ತದೆ. ಬಾಯಿಯ ಈ ಕೊನೆಯಿಂದ ಆ ಕೊನೆಯವರೆಗೆ ಅದು ಸಿಗುವ ತನಕ ಮುಂದಿನ ನಂಬರಿನ ಕಾಗದಕ್ಕೆ ಹೋಗಬೇಡಿ. ಹೊಸಬರು ಎಡವುವುದು ಇಲ್ಲಿಯೇ. ಅರ್ಧ ಬಾಯಿಗೆ ಮಾತ್ರ ಮಡಿಕೆ ಬಂದಾಗ ಆತುರಪಟ್ಟು ಮುಂದೆ ಹೋಗಿ, ಉಳಿ ಸರಿಯಿಲ್ಲ ಎಂದು ಉಳಿಯನ್ನೇ ಬೈಯುತ್ತಾರೆ.

ಈಗ ಪರೀಕ್ಷೆ. ಬೇವಿನ ಅಥವಾ ಜಾಲಿಯ ಒಣ ತುಂಡೊಂದನ್ನು ತೆಗೆದುಕೊಂಡು, ಎಳೆಗೆ ಅಡ್ಡವಾಗಿ ಉಳಿ ಹಿಡಿದು ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಇಪ್ಪತ್ತು ಏಟು ಹಾಕಿ. ನಂತರ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿ. ಚೂಪಾದ ಬಾಯಿಗೆ ಬೆಳಕನ್ನು ತಿರುಗಿಸುವಷ್ಟೂ ಅಗಲವಿರುವುದಿಲ್ಲ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಬಿಳಿ ಗೆರೆಯಾಗಿ ಹೊಳೆದರೆ ಮೊಂಡಾಗಿದೆ ಎಂದರ್ಥ. ಏಟುಗಳ ನಂತರವೂ ಬಾಯಿ ಹಾಗೇ ನಿಂತಿದ್ದರೆ ಅದು ಒಳ್ಳೆಯ ಉಕ್ಕು. ನಿಮ್ಮ ಮಾವ ಹೇಳುವ ಹೊಸ ಸೆಟ್ಟಿನಲ್ಲಿ ಅಂಥದು ಸಿಕ್ಕೀತೆಂದು ನಾನು ಭರವಸೆ ಕೊಡಲಾರೆ. ಬಾಯಿ ಮಡಚಿಕೊಂಡಿದ್ದರೆ ಉಕ್ಕಿನ ಹದ ಇಳಿದಿದೆ. ಚಕ್ಕೆ ಎದ್ದಿದ್ದರೆ ಹದ ಹೆಚ್ಚಾಗಿದೆ, ಇಲ್ಲವೇ ನೀವು ಕೊಟ್ಟ ಕೋನ ಆ ಮರಕ್ಕೆ ಸಾಲದು. ಚಕ್ಕೆ ಎದ್ದರೆ ಎರಡು ಡಿಗ್ರಿ ಏರಿಸಿ ಮತ್ತೆ ಇಪ್ಪತ್ತು ಏಟು ಹಾಕಿ ನೋಡಿ. ಮಡಚಿಕೊಂಡರೂ ಗಾಬರಿ ಬೇಡ. ಬಹಳ ಸಲ ತುದಿಯ ನಾಲ್ಕೈದು ಮಿಲಿಮೀಟರ್ ಮಾತ್ರ ಸಾಣೆ ಯಂತ್ರದಲ್ಲಿ ಕಾದು ಕೆಟ್ಟಿರುತ್ತದೆ. ಅಷ್ಟನ್ನು ಸವೆಸಿ ಒಳಗಿನ ಉಕ್ಕಿಗೆ ಹೋಗಿ ಮತ್ತೊಮ್ಮೆ ಪರೀಕ್ಷಿಸಿ.

ಕೋನದ ಬಗ್ಗೆ ಇನ್ನೊಂದು ಮಾತು. ನಿಮ್ಮದೇ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರವಾದ ಮೆದು ಮರ ಕೆತ್ತುತ್ತಾರೆ. ಮೆದು ಮರಕ್ಕೆ ತೆಳ್ಳಗಿನ ಬಾಯಿ ಬೇಕು. ದಪ್ಪ ಬಾಯಿ ಇಟ್ಟರೆ ಎಳೆ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ. ಅದೇ ತೆಳು ಬಾಯಿಯನ್ನು ಜಾಲಿಯ ಗಂಟಿನ ಮೇಲೆ ಇಟ್ಟರೆ ಒಂದೇ ಏಟಿಗೆ ಮುಕ್ಕಾಗುತ್ತದೆ. ನೀವು ಬಾಗಿಲ ಚೌಕಟ್ಟಿಗೆ ಬೇವು, ಮತ್ತಿಯಂಥ ಗಟ್ಟಿ ಮರಗಳನ್ನೇ ಹೆಚ್ಚು ಮುಟ್ಟುವವರು. ಕೂಡು ತೋಡುವ ಉಳಿಗೆ 35 ಡಿಗ್ರಿಯವರೆಗೂ ಹೋಗಿ. ನಯ ಮಾಡುವ ಅಗಲದ ಉಳಿಯನ್ನು 25ರಲ್ಲೇ ಇಟ್ಟು, ಅದರ ತಲೆಗೆ ಎಂದೂ ಕೊಡತಿ ತಾಗಿಸಬೇಡಿ. ಐದು ಉಳಿಗಳಿಗೂ ಒಂದೇ ಕೋನ ಕೊಟ್ಟರೆ ಐದು ಇಟ್ಟುಕೊಂಡು ಪ್ರಯೋಜನವಿಲ್ಲ.

ಉಳಿಯ ತುದಿಯಲ್ಲಿ ನೀಲಿ ಬಣ್ಣ ಕಂಡರೆ ಅದರ ಕಥೆ ಗೊತ್ತಿರಬೇಕು. ಹಳೆಯ ಉಳಿಗಳು ಇಂಗಾಲದ ಉಕ್ಕಿನವು. ಅವನ್ನು ಕಾಯಿಸಿ ನೀರಿನಲ್ಲಿ ಅಥವಾ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತಂದಿರುತ್ತಾರೆ. ಎರಡನೆಯ ಸಲ ಕಾಯಿಸುವಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲಿನ ಬಣ್ಣ, 255ರ ಆಸುಪಾಸು ಕಂದು, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಉಳಿಗೆ ಹುಲ್ಲಿನ ಬಣ್ಣವೇ ಹದ. ನೀಲಿ ಬಂದರೆ ಅದು ಸ್ಪ್ರಿಂಗಿಗೆ ತಕ್ಕ ಮೆದುತನ. ಸಾಣೆ ಯಂತ್ರದ ಚಕ್ರ ತಾಗಿದ ಜಾಗ ಎರಡೇ ಕ್ಷಣದಲ್ಲಿ ಈ ಶಾಖಕ್ಕೆ ಏರಬಲ್ಲದು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನು ನನ್ನ ಗುರುಗಳ ಅರ್ಧ ಇಂಚಿನ ಉಳಿಯನ್ನು ಹೀಗೆ ನೀಲಿ ಮಾಡಿದೆ. ಅವರು ಬೈಯಲಿಲ್ಲ. ಆ ನೀಲಿಯಷ್ಟನ್ನೂ ಕೈಗಲ್ಲಿನ ಮೇಲೆ ಸವೆಸಿ ತೆಗೆಯಲು ಹೇಳಿದರು. ಎರಡು ಸಂಜೆ ಹಿಡಿಯಿತು. ಅಂದಿನಿಂದ ಸಾಣೆ ಹಿಡಿಯುವಾಗ ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು, ಬರಿಗೈಯ ಬೆರಳನ್ನು ಬಾಯಿಯ ಹತ್ತಿರವೇ ಇಟ್ಟು, ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದುವುದು ನನಗೆ ಉಸಿರಾಟದಷ್ಟು ರೂಢಿಯಾಗಿದೆ.

ಬಾಚಿಯ ವಿಚಾರ ಬೇರೆ. ಅದು ಅಂಗಡಿಯ ಸರಕಲ್ಲ. ನಿಮ್ಮ ತಂದೆಯವರ ಕಾಲದಲ್ಲಿ ಊರಿನ ಕಂಬಾರರು ಮೆದು ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆದು ಮಾಡಿಕೊಟ್ಟದ್ದಾಗಿರುವ ಸಾಧ್ಯತೆ ಹೆಚ್ಚು. ಬಾಯಿಯ ಪಕ್ಕವನ್ನು ಉಜ್ಜಿ ನೋಡಿ. ಎರಡು ಲೋಹ ಕೂಡಿದ ಗೆರೆ ಕಾಣಬಹುದು. ಆ ಗೆರೆಯ ಮುಂದೆ ಉಕ್ಕು ಕಾಲು ಇಂಚಾದರೂ ಇದ್ದರೆ ಬಾಚಿಗೆ ಇನ್ನೂ ಆಯುಸ್ಸಿದೆ. ಉಕ್ಕೆಲ್ಲ ಸವೆದು ಮೆದು ಕಬ್ಬಿಣವೇ ಬಾಯಿಯಾಗಿದ್ದರೆ ಎಷ್ಟು ಮಸೆದರೂ ಅರ್ಧ ಗಂಟೆ ನಿಲ್ಲುವುದಿಲ್ಲ. ಆಗ ಕುಲುಮೆಗೆ ಕೊಟ್ಟು ಹಣಿಸಬೇಕು, ಹೊಸ ಉಕ್ಕು ಇಡಿಸಬೇಕು. ಹಾಗೆ ಮಾಡಿಕೊಡಬಲ್ಲ ಕಂಬಾರರು ಕಡಿಮೆಯಾಗುತ್ತಿದ್ದಾರೆ. ಕೂರಿಗೆ, ಕುಂಟೆ, ಬಂಡಿ ಮಾಡಿಸುವವರು ಕಡಿಮೆಯಾದಂತೆ ಬಡಿಗರ ಮನೆಯೂ ಕುಲುಮೆಯೂ ಒಟ್ಟಿಗೇ ತಣ್ಣಗಾದವು. ಸುಗ್ಗಿಯಲ್ಲಿ ಆಯ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಧಾನ್ಯ, ಕೊಡುವ ಪದ್ಧತಿಯೂ ಅದರೊಂದಿಗೆ ಸಡಿಲಿತು. ನಿಮ್ಮ ಸುತ್ತ ಕುಲುಮೆಯೊಂದು ಇನ್ನೂ ಉರಿಯುತ್ತಿದ್ದರೆ ತಡಮಾಡದೆ ಹೋಗಿ. ಬಾಚಿಯನ್ನು ಮಸೆಯುವಾಗ ಒಳಮುಖದಿಂದ, ಅಂದರೆ ಹಿಡಿಕೆಯ ಕಡೆಗಿರುವ ಮುಖದಿಂದ, ಮಾತ್ರ ಮಸೆಯಿರಿ. ಹೊರಮುಖಕ್ಕೆ ಇಳಿಜಾರು ಕೊಟ್ಟರೆ ಅದು ಮರದೊಳಗೆ ಇಳಿಯದೆ ಜಾರುತ್ತದೆ, ಜಾರಿದ ಬಾಚಿ ನೇರವಾಗಿ ಕಾಲಿಗೆ ಬರುತ್ತದೆ.

ಆನೆಗೊಂದಿಯ ಕಡೆಗೆ ಹೋದಾಗ ಬಂಡೆಗಳ ಮೇಲೆ ಸಾಲಾಗಿ ತೋಡಿದ ಚೌಕ ಗುಳಿಗಳನ್ನು ನೋಡಿ. ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದವು ಅವು. ಕಗ್ಗಲ್ಲಿನ ಮೇಲೆ ಉಕ್ಕಿನ ತುದಿ ಹೆಚ್ಚು ಹೊತ್ತು ಬಾಳುವುದಿಲ್ಲ. ಇಂದಿಗೂ ಕೈಯಿಂದ ಕಲ್ಲು ಒಡೆಯುವವರು ಗಣಿಯ ಪಕ್ಕದಲ್ಲೇ ಸಣ್ಣ ಕುಲುಮೆ ಹೂಡಿಕೊಂಡು, ಮೊಂಡಾದ ಚಾಣಗಳನ್ನು, ಅಂದರೆ ಇಡೀ ಉಕ್ಕಿನ ಉಳಿಗಳನ್ನು, ಗಂಟೆಗಂಟೆಗೂ ಕಾಯಿಸಿ ಬಡಿದು ಚೂಪು ಮಾಡಿಕೊಳ್ಳುತ್ತಾರೆ. ಅವರಿಗೆ ಚೂಪು ಮಾಡುವುದು ರಿಪೇರಿಯಲ್ಲ, ದಿನದ ಕೆಲಸದ ಒಂದು ಭಾಗ. ಬಡಿಗತನಕ್ಕೆ ಇಳಿಯುವ ನೀವೂ ಹಾಗೆಯೇ ತಿಳಿಯಬೇಕೆಂದು ನನ್ನ ಆಸೆ.

ಹತ್ತರಿಗೆ ಬರೋಣ. ಕೆಲವರು ಇದನ್ನು ರಂದಾ ಎನ್ನುತ್ತಾರೆ. ಮರದ ಹತ್ತರಿಯ ಕೆಳಮೈ ಒಂಬತ್ತು ಬೇಸಿಗೆ ಕಂಡು ತಿರುಚಿಕೊಂಡಿರುತ್ತದೆ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು ಮರವನ್ನು ಹಿಂಡುತ್ತದೆ. ಅದರಿಂದ ಹತ್ತರಿ ಕೆಟ್ಟಿತೆಂದು ತಿಳಿಯಬೇಡಿ. ಅಲಗು ಮತ್ತು ಬೆಣೆಯನ್ನು ಒಳಗೇ ಬಿಗಿದಿಟ್ಟು, ಅಲಗಿನ ಬಾಯಿ ಹೊರಗೆ ಬಾರದಂತೆ ತುಸು ಹಿಂದೆ ಸರಿಸಿ, ಗ್ರಾನೈಟ್ ಮಣೆಯ ಮೇಲೆ 120ರ ಮರಳು ಕಾಗದ ಹಾಸಿ ಕೆಳಮೈಯನ್ನು ಸಮ ಮಾಡಿ. ಬೆಣೆ ಬಿಗಿದಾಗ ಮೈ ಸ್ವಲ್ಪ ಬಾಗುತ್ತದೆ, ಅದಕ್ಕೇ ಬಿಗಿದೇ ಉಜ್ಜಬೇಕು. ಪ್ರತಿ ಸಲ ಹೀಗೆ ಉಜ್ಜಿದಾಗಲೂ ಅಲಗು ಹೊರಬರುವ ಬಾಯಿ ಅಗಲವಾಗುತ್ತದೆ. ಬಹಳ ಅಗಲವಾದರೆ ಎಳೆ ಕೀಳುತ್ತದೆ. ಆಗ ಬಾಯಿಯ ಮುಂದೆ ಜಾಲಿಯ ತೆಳು ತುಂಡೊಂದನ್ನು ಕೆತ್ತಿ ಕೂರಿಸಿದರೆ ಮುಗಿಯಿತು. ಈ ಕೆಲಸವನ್ನು ನಿಮ್ಮ ತಂದೆಯವರು ಆಗಲೇ ಮಾಡಿರಲೂಬಹುದು, ತಿರುಗಿಸಿ ನೋಡಿ. ಮೈಯಲ್ಲಿ ಉದ್ದಕ್ಕೆ ಸೀಳು ಬಿಟ್ಟು ಅದು ಬೆಣೆಯವರೆಗೆ ಹೋಗಿದ್ದರೆ ಮಾತ್ರ ಮೈಯನ್ನು ಬಿಟ್ಟುಕೊಡಿ. ಅಲಗನ್ನು ಇಟ್ಟುಕೊಂಡು ಹೊಸ ಮೈ ಮಾಡಿ.

ಕಬ್ಬಿಣದ ಹತ್ತರಿಯದು ಎರಕದ ಮೈ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಯಿಯ ಎರಡೂ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ನೋಡಿ. ಎರಕದ ಕಬ್ಬಿಣ ಬಿರುಕು ಬಿಟ್ಟರೆ ಸುಮ್ಮನೆ ಬಿಟ್ಟುಬಿಡಿ. ವೆಲ್ಡ್ ಮಾಡಿಸಿದರೆ ಶಾಖಕ್ಕೆ ಮೈ ಡೊಂಕಾಗುತ್ತದೆ. ಬಿರುಕಿಲ್ಲದಿದ್ದರೆ ಅಲಗಿನ ಮೇಲೆ ಕೂರುವ ಮುಚ್ಚಳಪಟ್ಟಿಯ ತುದಿ ಅಲಗಿಗೆ ಸಂದಿಲ್ಲದಂತೆ ಅಂಟುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಅಲ್ಲಿ ಹೊಟ್ಟು ಸಿಕ್ಕಿಕೊಳ್ಳುತ್ತದೆ. ಆ ತುದಿಯನ್ನು ಅರದಿಂದ ಸಮ ಮಾಡಿ, ಬಾಯಿಯಿಂದ ಅರ್ಧದಿಂದ ಒಂದು ಮಿಲಿಮೀಟರ್ ಹಿಂದಿಟ್ಟು ಬಿಗಿಯಿರಿ. ಹತ್ತರಿ ಕೆಲಸ ಮಾಡುವುದಿಲ್ಲ ಎಂದು ನನ್ನ ಬಳಿ ತಂದವರಲ್ಲಿ ಎಷ್ಟೋ ಜನ ಈ ಒಂದೇ ತಿದ್ದುಪಡಿಯಿಂದ ಖುಷಿಯಾಗಿ ಹೋಗಿದ್ದಾರೆ.

ಗರಗಸಗಳಲ್ಲಿ ಮೊದಲು ಹಲ್ಲಿನ ಬಣ್ಣ ನೋಡಿ. ಹಲ್ಲಿನ ತುದಿಗಳು ಮಾತ್ರ ಕಪ್ಪು ನೀಲಿಯಾಗಿದ್ದು ಉಳಿದ ಅಲಗು ಬೆಳ್ಳಗಿದ್ದರೆ ಅದು ಕಾರ್ಖಾನೆಯಲ್ಲಿ ಹಲ್ಲನ್ನಷ್ಟೇ ಗಟ್ಟಿ ಮಾಡಿದ ಗರಗಸ. ಅದಕ್ಕೆ ಅರ ಹಿಡಿಯುವುದಿಲ್ಲ, ಅರವೇ ಸವೆಯುತ್ತದೆ. ಮೊಂಡಾದ ದಿನ ಅದರ ಕೆಲಸ ಮುಗಿಯಿತು. ಇಡೀ ಅಲಗು ಒಂದೇ ಬಣ್ಣದ್ದಾದರೆ ತುದಿ ಹಿಡಿದು ಕಮಾನಿನಂತೆ ಬಗ್ಗಿಸಿ ಬಿಡಿ. ಚಿಮ್ಮಿ ನೇರವಾದರೆ ಜೀವವಿದೆ. ಬಾಗಿದಲ್ಲೇ ನಿಂತರೆ ಇಲ್ಲ. ಜೀವವಿರುವುದಕ್ಕೆ ಮೊದಲು ಚಪ್ಪಟೆ ಅರದಿಂದ ಹಲ್ಲುಗಳ ತುದಿಯನ್ನೆಲ್ಲ ಒಂದೇ ಎತ್ತರಕ್ಕೆ ತನ್ನಿ, ನಂತರ ಮೂರು ಮೂಲೆಯ ಅರ ಹಿಡಿಯಿರಿ. ಉದ್ದ ಸೀಳುವ ಗರಗಸಕ್ಕೆ ಅರವನ್ನು ಅಲಗಿಗೆ ನೇರ ಅಡ್ಡವಾಗಿ ಆಡಿಸಬೇಕು. ಅಡ್ಡ ಕೊಯ್ಯುವ ಗರಗಸಕ್ಕೆ 20 ಡಿಗ್ರಿಯಷ್ಟು ಓರೆ ಹಿಡಿದು, ಒಂದು ಬಿಟ್ಟು ಒಂದು ಹಲ್ಲಿಗೆ ದಿಕ್ಕು ಬದಲಿಸಬೇಕು. ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸುವಾಗ ಕೊಯ್ತದ ಅಗಲ ಅಲಗಿನ ದಪ್ಪದ ಒಂದೂವರೆ ಪಟ್ಟು ಮೀರದಿರಲಿ. ಮೊದಲ ಸಲ ಒಂದು ಗರಗಸಕ್ಕೆ ಅರ್ಧ ದಿನ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ, ಪ್ಲೈವುಡ್ ಮತ್ತು ಹಲಗೆಗಳನ್ನು ಯಂತ್ರದಲ್ಲೇ ಕತ್ತರಿಸುವ ನಿಮಗೆ ಕೂಡು ಕೊಯ್ಯುವ ಸಣ್ಣ ಗರಗಸವೊಂದು ಸಾಕು. ಚೆನ್ನಾಗಿರುವ ಒಂದನ್ನು ಆರಿಸಿ ಸರಿಮಾಡಿಕೊಳ್ಳಿ, ಉಳಿದೆರಡಕ್ಕೆ ಈಗ ಸಮಯ ಹಾಕಬೇಡಿ.

ಅರಗಳನ್ನು ಮಸೆಯಲಾಗದು. ಮೆದು ಕಬ್ಬಿಣದ ಮೇಲೆ ಆಡಿಸಿದಾಗ ಕಚ್ಚದೆ ಜಾರಿದರೆ ಸವೆದಿದೆ, ಬದಲಾಯಿಸಿ. ಆದರೆ ಬಿಸಾಡಬೇಡಿ. ಹಳೆಯ ಅರ ಒಳ್ಳೆಯ ಇಂಗಾಲದ ಉಕ್ಕು, ಕಂಬಾರರು ಅದರಿಂದ ಉಳಿ ಮಾಡಿಕೊಟ್ಟಾರು. ಹೊಸ ಅರಗಳನ್ನು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಹಾಕದೆ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿಡಿ.

ಗುಣಿಯಾವನ್ನು ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಸರಿ. ಬೇರೆಯಾದರೆ ನಿಜವಾದ ತಪ್ಪು ಆ ಅಂತರದ ಅರ್ಧ. ಒಂದೇ ತಗಡಿನಿಂದ ಮಾಡಿದ ಗುಣಿಯಾ ಆದರೆ ಮೂಲೆಯ ಒಳಬದಿಗೆ ಪಂಚ್‌ನಿಂದ ಒಂದು ಮೆಲು ಏಟು ಹಾಕಿ, ಕೋನ ತೆರೆದುಕೊಳ್ಳುತ್ತದೆ. ಹೊರಬದಿಗೆ ಹಾಕಿದರೆ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ತಳದಲ್ಲಿ ಅಳತೆ ಟೇಪು ಸಿಕ್ಕಿ, ಅದರ ತುದಿಯ ಕೊಕ್ಕೆ ಅಲುಗಾಡಿದರೆ ಬಡಿದು ಬಿಗಿ ಮಾಡಬೇಡಿ. ಕೊಕ್ಕೆಯ ದಪ್ಪದಷ್ಟೇ ಅದು ಅಲುಗಾಡಬೇಕು. ಒಳಗಿನ ಅಳತೆ, ಹೊರಗಿನ ಅಳತೆ ಎರಡೂ ಸರಿ ಬರಲೆಂದೇ ಹಾಗೆ ಮಾಡಿರುತ್ತಾರೆ.

ಸುತ್ತಿಗೆಯ ತಲೆ ಸಡಿಲವಾಗಿದ್ದರೆ ನೀರಿನಲ್ಲಿ ನೆನೆಸಿಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ನೆಂದ ಕಾವು, ಅಂದರೆ ಮರದ ಹಿಡಿಕೆ, ಉಬ್ಬಿ, ಕಬ್ಬಿಣದ ಕಣ್ಣಿನೊಳಗೆ ತನ್ನನ್ನೇ ಜಜ್ಜಿಕೊಂಡು, ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಒಣಗಲು ಒಂದೇ ದಿನ ಸಾಕು. ತಲೆ ಹಾರಿ ಎದುರಿಗಿದ್ದವರಿಗೆ ತಗುಲಿದರೆ ಆಗುವ ಅನಾಹುತವನ್ನು ನೆನೆಯಿರಿ. ಹೊಸ ಕಾವು ಹಾಕಿ. ಬಳ್ಳಾರಿ ಜಾಲಿಯನ್ನು ಸೌದೆಯೆಂದು ಮಾತ್ರ ನೋಡುವುದು ನನಗೆ ಬೇಸರ. ಹೊಲದ ಬದುವನ್ನೆಲ್ಲ ನುಂಗುವ ಮರ ಅದು, ನಿಜ. ಆದರೆ ಅದರ ಕಟ್ಟಿಗೆ ಗಟ್ಟಿ, ಭಾರ, ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ. ಡೊಂಕಾಗಿ ಬೆಳೆಯುವುದರಿಂದ ನೇರ ತುಂಡು ಹುಡುಕುವುದೇ ಕಷ್ಟ. ಸಿಕ್ಕರೆ ಸಿಪ್ಪೆ ಸುಲಿದು, ಎರಡೂ ತುದಿಗೆ ಬಣ್ಣ ಬಳಿದು ನೆರಳಿನಲ್ಲಿ ಆರು ತಿಂಗಳಾದರೂ ಒಣಗಿಸಿ. ಸುತ್ತಿಗೆಗೂ ಉಳಿಗೂ ಅದು ತಲೆಮಾರು ಬಾಳುವ ಹಿಡಿಕೆ.

ಈಗ ನಾನು ಕಠಿಣವಾಗಿ ಮಾತಾಡಬೇಕಾದ ಭಾಗ. ಉಕ್ಕಿನ ಬಗ್ಗೆ ಇಷ್ಟು ತಾಳ್ಮೆ ತೋರಿಸಿದ ನಾನು ಮೂರು ವಿಷಯಗಳಲ್ಲಿ ತಾಳ್ಮೆ ತೋರಿಸುವುದಿಲ್ಲ. ಮೊದಲನೆಯದು ಸಾಣೆ ಯಂತ್ರದ ಹಳೆಯ ಚಕ್ರ. ಅದನ್ನು ಬಿಚ್ಚಿ, ರಂಧ್ರಕ್ಕೆ ಬೆರಳು ತೂರಿಸಿ ತೂಗುಹಾಕಿ, ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ. ಮಂಕಾಗಿ ಠಪ್ ಎಂದರೆ ಒಳಗೆ ಬಿರುಕಿದೆ. ನಿಮಿಷಕ್ಕೆ 2800 ಸುತ್ತಿನಲ್ಲಿ ಅದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಬೇರೆಯವರು ಮತ್ತೆ ಎತ್ತಿಕೊಂಡು ಬಳಸದಂತೆ ನೆಲಕ್ಕೆ ಹೊಡೆದು ಒಡೆದೇ ಬಿಸಾಡಿ. ಹೇಗೂ ಕೊಳ್ಳುವಾಗ ಬೂದು ಚಕ್ರದ ಬದಲು ಬಿಳಿ ಚಕ್ರ ಕೇಳಿ, 60 ಅಥವಾ 80ನೇ ನಂಬರಿನದು. ಉಳಿ ಕಡಿಮೆ ಕಾಯುತ್ತದೆ. ಕತ್ತರಿಸುವ ತೆಳು ಚಕ್ರಗಳಿದ್ದರೆ ನಡುವಿನ ಲೋಹದ ಉಂಗುರದ ಮೇಲೆ ಬಳಕೆಯ ಗಡುವು ಅಚ್ಚಾಗಿರುತ್ತದೆ. ಒಂಬತ್ತು ವರ್ಷದ ಹಿಂದಿನವು ಖಂಡಿತ ಬೇಡ.

ಎರಡನೆಯದು, ಏಟು ಬಿದ್ದು ತಲೆ ಅಣಬೆಯಂತೆ ಅರಳಿದ ಚಾಣ. ನಮ್ಮ ಶೆಡ್ಡಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರ ಬಲಗಣ್ಣಿಗೆ ಹೊಕ್ಕದ್ದು ಅಂಥ ತಲೆಯಿಂದ ಸಿಡಿದ, ಅಕ್ಕಿಕಾಳಿಗಿಂತ ಸಣ್ಣ ಚೂರು. ಆ ಕಣ್ಣು ಮತ್ತೆ ಬರಲಿಲ್ಲ. ಅರಳಿದ ಅಂಚನ್ನು ಸಾಣೆಯಲ್ಲಿ ಪೂರ್ತಿ ತೆಗೆದು ತಲೆಯ ಸುತ್ತ ಇಳಿಜಾರು ಮಾಡುವವರೆಗೆ ಅದನ್ನು ಮುಟ್ಟಬೇಡಿ. ಹೊಸದಾಗಿ ಕೊಳ್ಳಬೇಕಾದವುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಕಣ್ಣು ಕಾಯುವ ಕನ್ನಡಕ.

ಮೂರನೆಯದು ವಿದ್ಯುತ್. ಡ್ರಿಲ್ ಯಂತ್ರದ ವೈರು ಎಲ್ಲಿಯಾದರೂ ಟೇಪು ಸುತ್ತಿಸಿಕೊಂಡಿದ್ದರೆ, ಇಲಿ ಕಡಿದಿದ್ದರೆ, ಮೈ ಲೋಹದ್ದಾಗಿದ್ದೂ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಇಲ್ಲದಿದ್ದರೆ ಚಾಲೂ ಮಾಡಿ ನೋಡುವ ಪರೀಕ್ಷೆಯೂ ಬೇಡ. ವೈರು, ಕಾರ್ಬನ್ ಬ್ರಷ್, ಬೇರಿಂಗ್ ಇಷ್ಟೇ ಆದರೆ ಹಾಕಿಸಿ; ಅಗ್ಗದ ರಿಪೇರಿ, ಹಳೆಯ ಯಂತ್ರ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟ ವಾಸನೆ ಬರುತ್ತಿದ್ದರೆ ಹೊಸ ಯಂತ್ರ ಕೊಳ್ಳಿ. ಕಲ್ಲು ಕತ್ತರಿಸುವ ಯಂತ್ರಕ್ಕೆ ಮರದ ಬ್ಲೇಡ್ ಹಾಕಿ ಕೊಯ್ಯುವ ಅಭ್ಯಾಸ ನಿಮ್ಮಲ್ಲಿದ್ದರೆ ಇಂದೇ ಬಿಡಿ. ಮರಕ್ಕೆ ಬೇಕಾದ ರಕ್ಷಣೆಯ ಮುಚ್ಚಳ ಅದರಲ್ಲಿಲ್ಲ. ಬ್ಲೇಡ್ ಮರದಲ್ಲಿ ಸಿಕ್ಕಿ ಹಿಂದಕ್ಕೆ ಒದ್ದಾಗ ನೇರ ತೊಡೆಗೆ ಬರುತ್ತದೆ. ಕನ್ನಡಕದ ನಂತರ ನಿಮ್ಮ ಹಣ ಹೋಗಬೇಕಾದದ್ದು ಮರಕ್ಕೆಂದೇ ಮಾಡಿದ ಒಂದು ವೃತ್ತಾಕಾರದ ಗರಗಸ ಯಂತ್ರಕ್ಕೆ.

ಹೊಸ ಉಳಿ ಸೆಟ್ಟಿಗೆ ನನ್ನ ಒಪ್ಪಿಗೆಯಿಲ್ಲ. ಅಗಲದಲ್ಲಿ ಯಾವುದು ಕಡಿಮೆ ಬಿದ್ದಿದೆಯೋ ಅದೊಂದನ್ನು ಒಳ್ಳೆಯದನ್ನೇ ತನ್ನಿ. ಅಂಗಡಿಯಿಂದ ಬಂದ ಉಳಿಯನ್ನೂ ಮಸೆದೇ ಬಳಸಬೇಕು. ಬೆನ್ನು ಸಮವಿಲ್ಲದ ಹೊಸ ಉಳಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ತಾಯಿಯವರಿಗೆ ಏನು ಹೇಳುವುದೆಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಅವರಿಂದ ಪೆಟ್ಟಿಗೆ ಕೇಳಬೇಡಿ. ಒಂದು ಉಳಿ ಕೇಳಿ, ಅವರ ಎದುರಿಗೇ ಅಂಗಳದಲ್ಲಿ ಕುಳಿತು ಮಸೆಯಿರಿ. ಬಾಯಿ ಹೊಳೆದ ಮೇಲೆ ಮನೆಯ ಬಾಗಿಲಲ್ಲೋ ಕಿಟಕಿಯಲ್ಲೋ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ಅಂಚೊಂದು ಇದ್ದೇ ಇರುತ್ತದೆ, ಅದನ್ನು ಅದೇ ಉಳಿಯಿಂದ ತಿದ್ದಿ. ಎರಡನೆಯ ಉಳಿಯನ್ನು ಅವರೇ ತಂದುಕೊಡುತ್ತಾರೆಂದು ನನಗೆ ನಂಬಿಕೆಯಿದೆ. ಖಂಡೇಪೂಜೆ ಮುಂದೆಯೂ ನಡೆಯಲಿ, ಮಸೆದ ಉಪಕರಣಗಳನ್ನೇ ಇಟ್ಟು.

ಇನ್ನು ಆ ಎರಡು ಬೆರಳಿನ ಉಳಿ. ಆರೇಳು ಇಂಚಿದ್ದ ಅಲಗು ಅಷ್ಟಕ್ಕೆ ಇಳಿದಿದೆಯೆಂದರೆ ನಿಮ್ಮ ತಂದೆಯವರು ಪೆಟ್ಟಿಗೆಯಲ್ಲಿ ಹೆಚ್ಚು ನೆಚ್ಚಿದ್ದು ಅದನ್ನೇ. ಕೆಟ್ಟ ಉಕ್ಕನ್ನು ಯಾರೂ ಅಷ್ಟು ಸಲ ಮಸೆಯುವುದಿಲ್ಲ. ಉಕ್ಕಿನ ಗಟ್ಟಿ ಭಾಗ ಇನ್ನೂ ಇದೆಯೇ ಎಂದು ತಿಳಿಯಲು ಹೊಸ ಅರದ ಮೂಲೆಯನ್ನು ಬಾಯಿಯ ಪಕ್ಕ ಮೆಲ್ಲಗೆ ಎಳೆಯಿರಿ. ಜಾರಿದರೆ ಹದವಿದೆ, ಕಚ್ಚಿದರೆ ಮುಗಿದಿದೆ. ಜಾರಿದರೆ ಗಿಡ್ಡ ಹಿಡಿಕೆ ಹಾಕಿ, 25 ಡಿಗ್ರಿಗೆ ಮಸೆದು, ಕೂರಿಸಿದ ಚೌಕಟ್ಟಿನಲ್ಲೇ ಬಾಗಿಲಿನ ಕೀಲು ಕೂರುವ ಹಳ್ಳವನ್ನು ಚೊಕ್ಕಟ ಮಾಡಲು ಇಟ್ಟುಕೊಳ್ಳಿ. ಉದ್ದದ ಉಳಿ ಆ ಇಕ್ಕಟ್ಟಿನಲ್ಲಿ ತಿರುಗುವುದಿಲ್ಲ.